‘ನೈಸ್’: ಅರ್ಥೋತ್ಕರ್ಷದ ಒಂದು ಉದಾಹರಣೆಯ ಮರುಪರಿಶೀಲನೆ

ಅರ್ಥೋತ್ಕರ್ಷವನ್ನು ವಿವರಿಸುವ ಪಠ್ಯಗಳಿಗೆ ಇಂಗ್ಲಿಷಿನ ‘ನೈಸ್’ ಮೆಚ್ಚಿನ ಉದಾಹರಣೆ. ‘ಅರಿಯದ’ ಎಂಬರ್ಥದ ಲ್ಯಾಟಿನ್ ‘ನೆಸ್ಕಿಯುಸ್’ ಹಳೆಯ ಫ್ರೆಂಚಿನ ಮೂಲಕ ಸುಮಾರು 1300ರಲ್ಲಿ ಇಂಗ್ಲಿಷಿಗೆ ಬಂದು, ‘ಮೂಢ’ ಎಂಬಲ್ಲಿಂದ ‘ಹಿತಕರ’ ಎಂಬಲ್ಲಿಗೆ ಏರಿತೆಂಬುದು ಅಲ್ಲಿನ ನಿರೂಪಣೆ. ಎರಡು ತುದಿಗಳೂ ಸರಿಯಾಗಿವೆ. ನಡುವೆ ಎಳೆದ ನೇರ ಗೆರೆಯನ್ನು ನಾವು ಒಪ್ಪಲಾರೆವು.

ಈ ಪದದ ಚರಿತ್ರೆ ಕವಲೊಡೆದದ್ದು. ಸ್ವೇಚ್ಛಾಚಾರ, ಅತಿನಾಜೂಕು, ಸಂಕೋಚ, ಸೂಕ್ಷ್ಮತೆ, ನಿಖರತೆ ಎಂಬ ಅರ್ಥಗಳು ಶತಮಾನಗಳ ಕಾಲ ಒಂದರ ಪಕ್ಕ ಒಂದು ಬಳಕೆಯಲ್ಲಿದ್ದವು. ‘ಹಿತಕರ’ ಎಂಬುದು ನೆಲೆಯೂರಿದ್ದು ಹದಿನೆಂಟನೆಯ ಶತಮಾನದಲ್ಲಿ. ಸೂಕ್ಷ್ಮ ಭೇದವನ್ನು ‘ನೈಸ್ ಡಿಸ್ಟಿಂಕ್ಷನ್’ ಎನ್ನುವಾಗ ಹಳೆಯ ಅರ್ಥ ಇಂದಿಗೂ ಜೀವಂತವಾಗಿದೆ. 1817ರ ಕೊನೆಯಲ್ಲಿ ಪ್ರಕಟವಾದ ಜೇನ್ ಆಸ್ಟಿನ್‌ಳ ‘ನಾರ್ಥ್ಯಾಂಗರ್ ಅಬಿ’ಯಲ್ಲಿ ಹೆನ್ರಿ ಟಿಲ್ನಿ ಈ ಪದದ ಸಡಿಲ ಬಳಕೆಯನ್ನು ಗೇಲಿ ಮಾಡುತ್ತ, ಅಚ್ಚುಕಟ್ಟು, ನಾಜೂಕುಗಳೇ ಅದರ ಮೂಲಾರ್ಥವೆಂದು ಸಾಧಿಸುತ್ತಾನೆ. ಅವನು ಮೂಲವೆಂದು ಹಿಡಿದದ್ದೂ ನಡುವಿನ ಒಂದು ಕವಲನ್ನೇ. ಮೂಲಾರ್ಥವನ್ನು ಸರಿಯರ್ಥವೆಂದು ಬಗೆಯುವ ವಾದಕ್ಕೆ ಇದೇ ಸಾಕಷ್ಟು ಉತ್ತರ.

ಕನ್ನಡದ ಆಡುಮಾತಿಗೆ ಬಂದಾಗ ಪ್ರಶ್ನೆ ಮತ್ತಷ್ಟು ತೊಡಕಾಗುತ್ತದೆ. ‘ಹಿಟ್ಟು ನೈಸಾಗಿ ರುಬ್ಬು’ ಎಂಬಲ್ಲಿ ಪದದ ಅರ್ಥ ನುಣುಪು. ‘ನೈಸ್ ಮಾಡಿ ಕೆಲಸ ಮಾಡಿಸಿಕೊಂಡ’ ಎಂಬಲ್ಲಿ ಪುಸಲಾಯಿಸುವಿಕೆ. ಮೊದಲನೆಯದನ್ನು ಇಂಗ್ಲಿಷಿನ ‘ನಾಜೂಕು’ ಎಂಬರ್ಥದ ಉಳಿಕೆಯೆನ್ನಬಹುದು. ಎರಡನೆಯದನ್ನು ಹಾಗೆನ್ನುವುದು ಕಷ್ಟ. ಕನ್ನಡದ ‘ನಯ’ವಾದರೋ ಎರಡನ್ನೂ ಒಳಗೊಂಡಿದೆ: ನಯವಾದ ಕಲ್ಲು, ನಯವಾದ ಮಾತು. ಧ್ವನಿಸಾಮ್ಯದಿಂದ ‘ನಯ’ವೇ ಎರವಲು ಪದವನ್ನು ತನ್ನ ಅರ್ಥವಲಯಕ್ಕೆ ಸೆಳೆದುಕೊಂಡಿತೆಂಬ ಊಹೆಯತ್ತ ನಾವು ವಾಲುತ್ತೇವೆ.

ಇದಕ್ಕೊಂದು ಆಕ್ಷೇಪವಿದೆ. ತಮಿಳು, ತೆಲುಗುಗಳ ಆಡುಮಾತಿನಲ್ಲೂ ‘ನೈಸ್’ ಇಂಥವೇ ಛಾಯೆಗಳನ್ನು ತಳೆದಿದೆ. ಆ ಭಾಷೆಗಳಲ್ಲೂ ‘ನಯ’ ಇರುವುದರಿಂದ ಊಹೆ ಬೀಳುವುದಿಲ್ಲ. ಆದರೆ ಅರ್ಥ ಮೊದಲು ತಿರುಗಿದ್ದು ಎಲ್ಲಿ ಎಂಬುದನ್ನು ಕನ್ನಡವೊಂದರ ಸಾಕ್ಷ್ಯದಿಂದ ನಿರ್ಣಯಿಸಲಾಗದು. ಕಾಲ, ಪ್ರದೇಶಗಳನ್ನು ಗುರುತಿಸಿದ ಪ್ರಯೋಗಗಳ ಸಂಗ್ರಹವೇ ಇದಕ್ಕೆ ಒರೆಗಲ್ಲು.

ಆದ್ದರಿಂದ ‘ನೈಸ್’ ಪದವನ್ನು ‘ಒಳ್ಳೆಯ’, ‘ಚೆಂದದ’ ಎಂದಷ್ಟೇ ಅರ್ಥೈಸಿ ಕೈಬಿಡುವ ಕೋಶಪದ್ಧತಿ ತಿದ್ದುಪಡಿ ಬೇಡುತ್ತದೆ. ಎರವಲು ಪದದ ವಂಶಾವಳಿ ಒಂದು ಸಂಗತಿ, ಅದು ಬಂದು ನೆಲೆಸಿದ ಮನೆಯ ಬಾಳು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಪುರಾವೆ ಒದಗಿಸಬೇಕಾದುದು ನಮ್ಮ ಹೊಣೆ.