ಕೂಲಿಯ ವಿರೋಧಾಭಾಸ: ದೊಡ್ಡಬಳ್ಳಾಪುರದ ಮಗ್ಗಗಳ ನಿದರ್ಶನ

ವಿರೋಧಾಭಾಸವು ಆಲಂಕಾರಿಕರಿಗೆ ಬಹುಕಾಲದಿಂದ ಪರಿಚಿತವಾದುದು. ಮೊದಲು ವಿರೋಧವೆಂದು ತೋರಿ, ವಿಚಾರಿಸಿದಲ್ಲಿ ಪರಿಹಾರವಾಗುವುದೇ ಅದರ ಲಕ್ಷಣ. ಕೇನ್ಸನ ಮಾರ್ಗವನ್ನು ಮುಂದುವರಿಸಿದ ಅರ್ಥಶಾಸ್ತ್ರಜ್ಞರು ಹೇಳುವ ವಿರೋಧಾಭಾಸಗಳನ್ನೂ ಇದೇ ಲಕ್ಷಣದಿಂದ ಪರೀಕ್ಷಿಸತಕ್ಕದ್ದು.

ಇವುಗಳಲ್ಲಿ ಪ್ರಸಿದ್ಧವಾದುದು ಮಿತವ್ಯಯವನ್ನು ಕುರಿತದ್ದು. ಒಬ್ಬನು ಉಳಿಸಿದರೆ ಅವನ ಗಂಟು ಬೆಳೆಯುವುದು; ಎಲ್ಲರೂ ಒಮ್ಮೆಗೇ ವೆಚ್ಚವನ್ನು ತಗ್ಗಿಸಿದರೆ, ಒಬ್ಬನ ವೆಚ್ಚವೇ ಮತ್ತೊಬ್ಬನ ವರಮಾನವಾದುದರಿಂದ, ಎಲ್ಲರ ವರಮಾನವೂ ಕುಗ್ಗುವುದು. ಇದನ್ನು ಕೇನ್ಸನು 1936ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ಕೂಲಿಯ ವಿಷಯವೂ ಹೀಗೆಯೇ ಎಂದು, ಕಲೆಟ್ಸ್ಕಿಯ ವಿಚಾರಗಳಿಂದ ಹೊರಟ ರೋಥಾರ್ನನು 1981ರಲ್ಲಿ ತೋರಿಸಿದನು: ಒಬ್ಬ ಮಾಲೀಕನು ಕೂಲಿಯನ್ನಿಳಿಸಿದರೆ ಅವನ ಲಾಭ ಹೆಚ್ಚುವುದು, ಎಲ್ಲರೂ ಇಳಿಸಿದರೆ ಕೊಳ್ಳುವವರು ಕಡಮೆಯಾಗಿ ಲಾಭವೂ ಇಳಿಯಬಹುದು.

ಈ ಮಾತನ್ನು ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳಿಗೆ ಹಾಗೆಯೇ ಅನ್ವಯಿಸಿದಲ್ಲಿ ತೊಡಕುಂಟಾಗುವುದು. ಅಲ್ಲಿ ನೇಯ್ದ ಸೀರೆಯನ್ನು ಕೊಳ್ಳುವವರು ಬಹುಮಟ್ಟಿಗೆ ಹೊರಗಿನವರು. ನೇಕಾರನ ಕೂಲಿಯಾದರೋ ರಾಗಿಗೆ, ಬಾಡಿಗೆಗೆ, ಮಕ್ಕಳ ಓದಿಗೆ ಸಲ್ಲುವುದು. ಆದುದರಿಂದ ಕೂಲಿ ಇಳಿದಾಗ ಮೊದಲು ನಷ್ಟಪಡುವವನು ಸೀರೆಯ ವ್ಯಾಪಾರಿಯಲ್ಲ, ಊರಿನ ದಿನಸಿ ಅಂಗಡಿಯವನು. ಸೂರತ್ತಿನ ಅಗ್ಗದ ಸೀರೆಯೊಡನೆ ಪೈಪೋಟಿ ನಡೆಸಬೇಕಾದ ಮಾಲೀಕನನ್ನು ಸಿದ್ಧಾಂತವೊಂದರಿಂದಲೇ ಒಪ್ಪಿಸಲಾಗದು. ಭಾದುರಿ ಮತ್ತು ಮಾರ್ಗ್ಲಿನ್ ಎಂಬ ವಿದ್ವಾಂಸರು 1990ರಲ್ಲಿ ಈ ಮಿತಿಯನ್ನು ಎತ್ತಿ ತೋರಿಸಿದರು: ಕೂಲಿಯೊಡನೆ ಕೊಳ್ಳುವ ಶಕ್ತಿ ಹೆಚ್ಚುವುದು ನಿಜ, ಆದರೆ ಬಂಡವಾಳದ ಹೂಡಿಕೆ, ಹೊರಗಣ ವ್ಯಾಪಾರ ಇವುಗಳ ಒಲವು ಬೇರೆಯಾದರೆ ಫಲವೂ ಬೇರೆಯಾಗಬಹುದು.

ಹಾಗಾದರೆ ಸಿದ್ಧಾಂತವು ಸುಳ್ಳೆ? ಅಲ್ಲ, ಅದು ಹೇಳುವ ಸಮಷ್ಟಿಯು ಒಂದು ತಾಲ್ಲೂಕಲ್ಲ, ಅಷ್ಟೆ. ದೊಡ್ಡಬಳ್ಳಾಪುರವು ಇಳಿಸಿದರೆ ಇತರ ಊರುಗಳೂ ಇಳಿಸುವುವು. ಕೊನೆಗೆ ಯಾರ ಪೇಟೆಯೂ ಬೆಳೆಯದೆ ದೇಶದ ಕೊಳ್ಳುವ ಶಕ್ತಿ ಮಾತ್ರ ಕುಗ್ಗುವುದು. 2020ರ ಮಾರ್ಚಿ 25ರಂದು ದೇಶವೆಲ್ಲ ಮುಚ್ಚಿ, ಮದುವೆಗಳು ಮುಂದಕ್ಕೆ ಹೋದಾಗ, ಬೇಡಿಕೆಯಿಲ್ಲದೆಡೆ ಅಗ್ಗದ ಕೂಲಿಯಿಂದ ಮಗ್ಗವು ತಿರುಗದೆಂಬುದು ಎಲ್ಲರಿಗೂ ಕಂಡಿತು.

ಆದಕಾರಣ ಪರಿಹಾರವು ಸಮಷ್ಟಿಯನ್ನು ಆಳುವವರ ಕೈಯಲ್ಲಿರುವುದು. 1948ರ ಕನಿಷ್ಠ ವೇತನ ಕಾಯಿದೆಯ ಮೇರೆಗೆ ಕೂಲಿಯ ದರಗಳನ್ನು ಬಹುಮಟ್ಟಿಗೆ ಆಯಾ ರಾಜ್ಯಗಳೇ ಗೊತ್ತುಮಾಡುತ್ತಿದ್ದುವು. ಒಂದು ರಾಜ್ಯವು ಹೆಚ್ಚಿಸಿದರೆ ಕೆಲಸವು ಮತ್ತೊಂದಕ್ಕೆ ಸರಿಯುವ ಭಯವುಂಟು. 2019ರ ವೇತನ ಸಂಹಿತೆಯು ತಳಮಟ್ಟದ ಕೂಲಿಯನ್ನು ಕೇಂದ್ರವು ನಿಗದಿಮಾಡಬೇಕೆನ್ನುವುದು. ಪ್ರದೇಶಕ್ಕೊಂದು ದರವಿಡಲೂ ಅವಕಾಶ ಕೊಡುವುದು. ಆ ಅವಕಾಶವು ಸಡಿಲವಾಗಿ ಬಳಕೆಯಾದಲ್ಲಿ, ಪರಿಹಾರವಾಗಬೇಕಾಗಿದ್ದ ವಿರೋಧವು ವಿರೋಧವಾಗಿಯೇ ಉಳಿಯುವುದು. ಅದರ ಭಾರವನ್ನು ಹೊರುವವನು ನೇಕಾರನು.