ಕೆಂಪು ಶಾಯಿ ಮತ್ತು ಕೈಲಾಸಂ

ನಮ್ಮ ಶಾಲೆಯಲ್ಲಿ ಪ್ರತಿವರ್ಷ ಡಿಸೆಂಬರ್ ಬಂತೆಂದರೆ ಸ್ಟಾಫ್ ರೂಮಿನಲ್ಲಿ ಒಂದು ಸಣ್ಣ ಜಗಳ ಖಂಡಿತ. ವಾರ್ಷಿಕೋತ್ಸವಕ್ಕೆ ಯಾವ ನಾಟಕ ಆಡಿಸಬೇಕು ಎನ್ನುವುದೇ ಜಗಳದ ವಿಷಯ. ಪೌರಾಣಿಕ ಎಂದರೆ ಕಿರೀಟ, ಗದೆ, ಭುಜಕೀರ್ತಿ ಎಲ್ಲ ಬಾಡಿಗೆಗೆ ತರಬೇಕು. ಐತಿಹಾಸಿಕ ಎಂದರೆ ಕತ್ತಿ, ಸಿಂಹಾಸನ. ಕೊನೆಗೆ ಯಾರಾದರೊಬ್ಬರು "ಕೈಲಾಸಂ ಇದ್ದೇ ಇದಾರಲ್ಲ" ಎನ್ನುತ್ತಾರೆ. ಜಗಳ ನಿಲ್ಲುತ್ತದೆ. ಒಂದು ಪಂಚೆ, ಒಂದು ಕೋಟು, ಒಂದು ಪೇಟ, ಯಾರದಾದರೂ ಅಜ್ಜಿಯ ಹಳೇ ಸೀರೆ, ಎರಡು ಕುರ್ಚಿ ಇದ್ದರೆ ಕೈಲಾಸಂ ನಾಟಕಕ್ಕೆ ಸಾಕು. ಸುಮಾರು ಮೂವತ್ತು ವರ್ಷದ ಸರ್ವೀಸಿನಲ್ಲಿ ಅವರ 'ಟೊಳ್ಳುಗಟ್ಟಿ'ಯನ್ನೇ ನಾನು ನಾಲ್ಕು ಸಲ ಆಡಿಸಿದ್ದೇನೆ.

1946ರಲ್ಲಿ ತೀರಿಕೊಂಡ ನಾಟಕಕಾರರೊಬ್ಬರು ಇಂದಿಗೂ ಒಂದು ಸಣ್ಣ ಊರಿನ ಶಾಲೆಗೆ ಹೀಗೆ ಬಂದುಹೋಗುತ್ತಿದ್ದಾರೆ ಎಂದರೆ ಅದಕ್ಕೆ ಬರೀ ಖರ್ಚು ಕಡಿಮೆ ಎನ್ನುವುದು ಕಾರಣವಾಗಿರಲಾರದು. ನಿಜವಾದ ಕಾರಣ ನನಗೆ ತಡವಾಗಿ ತಿಳಿಯಿತು. ತಿಳಿಸಿಕೊಟ್ಟವಳು ನನ್ನ ವಿದ್ಯಾರ್ಥಿನಿ. ಅವಳ ಮಾತಿಗೆ ಆಮೇಲೆ ಬರುತ್ತೇನೆ.

ನಾನು ಕೈಲಾಸಂ ಅವರನ್ನು ಮೊದಲು ಓದಿದ್ದಲ್ಲ, ಕೇಳಿದ್ದು. ನಾನಿನ್ನೂ ಪ್ರೈಮರಿ ಶಾಲೆಯಲ್ಲಿದ್ದೆ. ನಮ್ಮ ಮನೆಯ ನಡುಮನೆಯಲ್ಲಿ ಗೂಡಿನ ಮೇಲೆ ಒಂದು ರೇಡಿಯೋ. ರಾತ್ರಿ ನಾಟಕವಿದ್ದ ದಿನ ಅಜ್ಜಿ ಬೇಗ ಬೇಗ ಎಲೆ ಎತ್ತಿಸಿ, ಬತ್ತಿ ಹೊಸೆಯುತ್ತಾ ಅದರ ಕೆಳಗೆ ಕೂರುತ್ತಿದ್ದಳು. ಒಂದು ದಿನ ಕೈಲಾಸಂ ನಾಟಕ. ಹೆಂಗಸರ ಮಾತು ಬಂದಾಗಲೆಲ್ಲ ಅಜ್ಜಿ ಬತ್ತಿ ಬಿಟ್ಟು ನಗುತ್ತಿದ್ದಳು. "ಅಯ್ಯೋ, ನಮ್ಮ ಪಕ್ಕದ್ಮನೆಯವಳ ಹಾಗೇ ಆಡ್ತಾಳಲ್ಲೇ!" ಆದರೆ ವಕೀಲರೋ ಕಾಲೇಜು ಹುಡುಗರೋ ಇಂಗ್ಲಿಷು ಬೆರೆಸಿ ಮಾತು ಶುರುಮಾಡಿದರೆ ಅಪ್ಪ, ಚಿಕ್ಕಪ್ಪ ನಗುತ್ತಿದ್ದರು, ಅಜ್ಜಿ ಸುಮ್ಮನಾಗುತ್ತಿದ್ದಳು. "ಏನಂದ ಅವನು?" ಎಂದು ಅಮ್ಮನನ್ನು ಕೇಳುವಳು. ಅಮ್ಮನಿಗೂ ಅರ್ಧ ಗೊತ್ತು, ಅರ್ಧ ಇಲ್ಲ. ಒಂದೇ ನಾಟಕ, ಒಂದೇ ನಡುಮನೆ, ಕೇಳುವವರ ಎರಡು ಗುಂಪು. ಇದನ್ನು ನಾನು ಮರೆತಿಲ್ಲ. ಕೈಲಾಸಂ ಅವರ ದೊಡ್ಡತನವೂ ಮಿತಿಯೂ ಆ ಸಂಜೆಯಲ್ಲೇ ಇತ್ತೆಂದು ಈಗ ಅನ್ನಿಸುತ್ತದೆ.

ಅವರು ಬರುವ ಹೊತ್ತಿಗೆ ಕನ್ನಡ ರಂಗಭೂಮಿ ಬಡವಾಗೇನೂ ಇರಲಿಲ್ಲ. ವರದಾಚಾರ್ಯರ ಹೆಸರು ಮನೆಮಾತಾಗಿತ್ತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಊರೂರು ತಿರುಗುತ್ತಿತ್ತು. ಆದರೆ ಆ ರಂಗದ ಮೇಲೆ ನಡೆದಾಡುತ್ತಿದ್ದವರು ಹೆಚ್ಚಾಗಿ ದೇವತೆಗಳು, ರಾಜರು, ಋಷಿಗಳು. ಅವರ ಬಾಯಲ್ಲಿ ಗ್ರಂಥದ ಕನ್ನಡ, ಮಧ್ಯೆ ಮಧ್ಯೆ ಹಾಡು. ದಮಯಂತಿ ಅತ್ತರೂ ಕಂದದಲ್ಲೋ ವೃತ್ತದಲ್ಲೋ ಅಳಬೇಕು. ನಾಟಕ ನೋಡಿ ಮನೆಗೆ ಬಂದ ಹೆಂಗಸು ತನ್ನ ಅಳುವನ್ನು ಬೇರೆ ಭಾಷೆಯಲ್ಲಿ ಅಳುತ್ತಿದ್ದಳು.

ಆಡುಮಾತಿನಲ್ಲಿ ನಾಟಕ ಬರೆದವರಲ್ಲಿ ಕೈಲಾಸಂ ಮೊದಲಿಗರಲ್ಲ. ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲೇ ಹವ್ಯಕರ ಮನೆಮಾತಿನಲ್ಲಿ 'ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ' ಬರೆದಿದ್ದರು. ಹೆಣ್ಣುಮಕ್ಕಳನ್ನು ಹಣಕ್ಕೆ ಮಾರುವ ಕನ್ಯಾವಿಕ್ರಯವನ್ನು ಅಲ್ಲಿ ಬಯಲಿಗೆಳೆದಿದ್ದರು. ಆದರೆ ಅದು ದಾರಿಯಾಗಲಿಲ್ಲ. 1918ರ ಸುಮಾರಿಗೆ 'ಟೊಳ್ಳುಗಟ್ಟಿ' ಬಂದ ಮೇಲೆ ದಾರಿ ಬಿತ್ತು.

ಕೈಲಾಸಂ ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದವರು. ಮನೆಮಾತು ತಮಿಳು. ಕನ್ನಡದ ನಾಡಿಯನ್ನು ಇಷ್ಟು ಚೆನ್ನಾಗಿ ಹಿಡಿದವರ ಮನೆಮಾತು ಕನ್ನಡವಲ್ಲ ಎನ್ನುವುದು ಹೊಸಬರಿಗೆ ಆಶ್ಚರ್ಯ. ಮಾಸ್ತಿಯವರದೂ ತಮಿಳು, ಬೇಂದ್ರೆಯವರದು ಮರಾಠಿ. ಮನೆಯೊಳಗೇ ಹುಟ್ಟಿ ಬೆಳೆದವರಿಗೆ ಗೋಡೆಯ ಗಡಿಯಾರದ ಸದ್ದು ಕೇಳಿಸುವುದಿಲ್ಲ, ನೆಂಟರಿಗೆ ಕೇಳಿಸುತ್ತದೆ. ಕೈಲಾಸಂ ಅವರಿಗೂ ನಮ್ಮ ಮಾತು ಹಾಗೆ ಕೇಳಿಸಿರಬೇಕು. ಬರವಣಿಗೆಯಲ್ಲಿ ನಾವು 'ಮಾಡಬೇಕು' ಎಂದು ಬರೆದರೂ ಬಾಯಲ್ಲಿ 'ಮಾಡ್ಬೇಕು' ಎನ್ನುತ್ತೇವೆ. 'ಹೋಗಿಬಿಟ್ಟನು' ಎನ್ನುವವರು ಯಾರೂ ಇಲ್ಲ, 'ಹೋಗ್ಬಿಟ್ಟ' ಅಷ್ಟೆ. ಈ ನುಂಗಿದ ಸ್ವರಗಳನ್ನು, ತಡವರಿಸುವುದನ್ನು, ಅರ್ಧಕ್ಕೇ ನಿಂತ ವಾಕ್ಯವನ್ನು ಅವರು ಇದ್ದ ಹಾಗೇ ಅಚ್ಚಿಗೆ ತಂದರು. ನಾಟಕಗಳನ್ನು ಬಾಯಲ್ಲಿ ಹೇಳಿ ಬೇರೆಯವರಿಂದ ಬರೆಸುತ್ತಿದ್ದರೆಂಬುದು ಪ್ರಸಿದ್ಧ. ಪುಸ್ತಕ ಹಿಡಿದು ಕಣ್ಣಲ್ಲಿ ಓದಹೊರಟರೆ ಈಗಲೂ ಎಡವುತ್ತೇವೆ. ಗಟ್ಟಿಯಾಗಿ ಓದಿದರೆ ಪಾತ್ರ ಎದ್ದು ಕೂರುತ್ತದೆ.

ಈ ಮಾತು ಬಂದದ್ದು ಎಲ್ಲಿಂದ? ಕೋರ್ಟು ಕಚೇರಿಯಿಂದಲ್ಲ, ಹಜಾರದಿಂದ, ಹಿತ್ತಿಲಿನಿಂದ, ಅಡಿಗೆಮನೆಯಿಂದ. ಅವರ ಗಂಡಸರಲ್ಲಿ ಅನೇಕರು ಇಂಗ್ಲಿಷಿನ ಊರುಗೋಲು ಹಿಡಿದೇ ನಡೆಯುವವರು. ಹೆಂಗಸರಿಗೆ ಆ ಕೋಲಿಲ್ಲ. ಅವರು ಗಾದೆ, ಗೊಣಗು, ಮೂದಲಿಕೆ, ಮುದ್ದು ಎಲ್ಲವನ್ನೂ ಕನ್ನಡದಲ್ಲೇ ನಡೆಸಬೇಕು, ನಡೆಸುತ್ತಾರೆ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸಿನ ಮಾತನ್ನು ಯಾವ ತಿದ್ದುಪಡಿಯೂ ಇಲ್ಲದೆ ಸಾಹಿತ್ಯ ಎಂದು ಒಪ್ಪಿಸಿದ್ದು, ನನ್ನ ದೃಷ್ಟಿಯಲ್ಲಿ, ಅವರ ಅತಿ ದೊಡ್ಡ ಕೊಡುಗೆ. ನಗೆಚಾಟಿಕೆಗಳೆಲ್ಲ ಅದರ ಮುಂದೆ ಸಣ್ಣವು.

ಇಂಗ್ಲಿಷು ಬೆರೆಸಿದ ಬಗ್ಗೆ ಅವರ ಮೇಲೊಂದು ದೂರಿದೆ. ಇಂದಿನ ಟಿ.ವಿ. ನಿರೂಪಕಿಯರ ಕಲಬೆರಕೆ ಕನ್ನಡಕ್ಕೆ ಕೈಲಾಸಂ ಅವರೇ ಮೂಲಪುರುಷ ಎಂದು ಹೇಳುವವರನ್ನು ಕೇಳಿದ್ದೇನೆ. ಇದು ಅನ್ಯಾಯದ ಮಾತು. ಕೈಲಾಸಂ ನಾಟಕದಲ್ಲಿ ಒಂದು ಇಂಗ್ಲಿಷ್ ಪದ ಬಂದರೆ ಅದಕ್ಕೊಂದು ಕೆಲಸವಿರುತ್ತದೆ. ಆಡುವವನು ಎಷ್ಟು ಓದಿದ್ದಾನೆ, ಯಾರ ಮುಂದೆ ಜಂಬ ಕೊಚ್ಚುತ್ತಿದ್ದಾನೆ, ಒಳಗೆ ಎಷ್ಟು ಪೊಳ್ಳಿದೆ ಎಂಬುದನ್ನು ಅದು ಹೇಳಿಬಿಡುತ್ತದೆ. 'ಬಂಡ್ವಾಳ್ವಿಲ್ಲದ ಬಡಾಯಿ' ಎಂಬ ಹೆಸರೇ ಇದಕ್ಕೆ ಸಾಕ್ಷಿ. ಆ ಹೆಸರನ್ನು ನಾಟಕ ನೋಡದವರೂ ಇಂದು ಗಾದೆಯಂತೆ ಬಳಸುತ್ತಾರೆ. ಬೆರಕೆಯನ್ನು ಅವರು ಕನ್ನಡಿಯಲ್ಲಿ ತೋರಿಸಿದರು, ನಾವು ಅದನ್ನೇ ಅಲಂಕಾರ ಮಾಡಿಕೊಂಡರೆ ತಪ್ಪು ಕನ್ನಡಿಯದಲ್ಲ. ಆದರೂ ನನ್ನ ಅಜ್ಜಿಯ ಪ್ರಶ್ನೆ ಉಳಿಯುತ್ತದೆ. ಪೊಳ್ಳು ಇಂಗ್ಲಿಷನ್ನು ನೋಡಿ ನಗಬೇಕಾದರೂ ಸ್ವಲ್ಪ ಇಂಗ್ಲಿಷು ಬರಬೇಕು. ಅಷ್ಟರಮಟ್ಟಿಗೆ ಹೆಂಗಸರ ಮಾತು ರಂಗದ ಮೇಲೆ ಬಂದರೂ ಹೆಂಗಸರು ಸಭೆಯಲ್ಲಿ ಅರ್ಧ ಹೊರಗೇ ಕೂತಿದ್ದರು.

ಈಗ ನನ್ನ ವಿದ್ಯಾರ್ಥಿನಿಯ ವಿಷಯ.

1997ನೇ ಇಸವಿ. ಒಂಬತ್ತನೇ ತರಗತಿಗೆ 'ನನ್ನ ತಾಯಿ' ಎಂದು ಪ್ರಬಂಧ ಕೊಟ್ಟಿದ್ದೆ. ಹತ್ತಿರದ ಹಳ್ಳಿಯಿಂದ ನಡೆದು ಬರುತ್ತಿದ್ದ ಒಬ್ಬ ಹುಡುಗಿ, ತಾನು ಮನೆಯಲ್ಲಿ ಹೇಗೆ ಮಾತಾಡುತ್ತಾಳೋ ಹಾಗೇ ಬರೆದಿದ್ದಳು. ಅವ್ವ ಕೋಳಿ ಕೂಗೋಕ್ಮುಂಚೆ ಏಳ್ತಾಳೆ, ಎದ್ದಿದ್ದು ಯಾರ್ಗೂ ಗೊತ್ತಾಗಲ್ಲ, ಮನ್ಗಿದ್ದೂ ಯಾರ್ಗೂ ಗೊತ್ತಾಗಲ್ಲ ಎಂದು. ನಾನು ಕೆಂಪು ಶಾಯಿಯಲ್ಲಿ ಪುಟದ ತುಂಬ ಗೆರೆ ಎಳೆದೆ. 'ಗ್ರಾಮ್ಯ' ಎಂದು ಅಂಚಿನಲ್ಲಿ ಬರೆದೆ. ಹತ್ತಕ್ಕೆ ಎರಡು ಅಂಕ. ಮುಂದಿನ ಸಲ ಅವಳು ಗೈಡಿನಿಂದ ನಕಲು ಮಾಡಿ, ತಾಯಿ ದೇವರ ಸಮಾನ, ತಾಯಿಯೇ ಮೊದಲ ಗುರು ಎಂದು ಶುದ್ಧವಾಗಿ ಬರೆದಳು. ನಾನು ಎಂಟು ಕೊಟ್ಟೆ. ಚೆನ್ನಾಗಿ ತಿದ್ದಿಕೊಂಡಿದ್ದೀಯ ಎಂದೂ ಹೇಳಿದೆ.

ಆ ವರ್ಷವೇ 'ಟೊಳ್ಳುಗಟ್ಟಿ' ತಾಲೀಮು. ಗೊತ್ತಿಲ್ಲದವರಿಗೆ ಕತೆಯನ್ನು ಎರಡು ಮಾತಲ್ಲಿ ಹೇಳುತ್ತೇನೆ. ಪುಟ್ಟು, ಮಾಧು ಅಣ್ಣತಮ್ಮಂದಿರು. ಒಬ್ಬ ಪರೀಕ್ಷೆಯ ಹುಲಿ, ತಂದೆಯ ಹೆಮ್ಮೆ. ಇನ್ನೊಬ್ಬ ಪರೀಕ್ಷೆಯಲ್ಲಿ ಸದಾ ನಪಾಸು, ಮನೆಯವರ ಕಷ್ಟಸುಖಕ್ಕೆ ಮಾತ್ರ ಪಾಸು. ಮನೆಗೆ ಬೆಂಕಿ ಬಿದ್ದಾಗ ಟೊಳ್ಳು ಯಾರು, ಗಟ್ಟಿ ಯಾರು ಎಂದು ತಿಳಿಯುತ್ತದೆ. ಆ ಹುಡುಗಿಯನ್ನು ನಾನು ಪಾತ್ರಕ್ಕೆ ತೆಗೆದುಕೊಂಡಿರಲಿಲ್ಲ. ಪುಸ್ತಕ ಹಿಡಿದು ಮಾತು ಎತ್ತಿಕೊಡುವ ಕೆಲಸ ಕೊಟ್ಟಿದ್ದೆ. ನಾಲ್ಕನೇ ದಿನವೋ ಐದನೇ ದಿನವೋ ಪುಸ್ತಕದ ಮೇಲೆ ಬೆರಳಿಟ್ಟು ಕೇಳಿದಳು: "ಮಿಸ್, ಇದ್ರಲ್ಲಿ ಎಲ್ಲಾ ಮಾತಾಡ್ದಂಗೇ ಬರ್ದವ್ರೆ. ಇವ್ರಿಗೆ ಮಾರ್ಕ್ಸ್ ಕಳೀಲಿಲ್ವಾ?"

"ಅದು ಸಾಹಿತ್ಯ ಕಣೇ" ಎಂದೆ. ಅವಳು ತಲೆಯಾಡಿಸಿದಳು. ತರ್ಕಕ್ಕಾಗಿ ಕೇಳಿದ್ದಲ್ಲ, ಗೊತ್ತಿಲ್ಲದ್ದಕ್ಕೆ ಕೇಳಿದ್ದು. ನನ್ನ ಉತ್ತರ ಸರಿಯಲ್ಲವೆಂದು ನನಗೆ ಅಂದು ರಾತ್ರಿಯೇ ಗೊತ್ತಾಯಿತು. ಬರೀ ಅಂಕ ನೋಡಿ ಮಕ್ಕಳನ್ನು ಅಳೆಯಬಾರದೆಂಬ ನಾಟಕವನ್ನು ಹದಿನೈದು ದಿನ ಕಲಿಸಿದ ನಾನು, ಆಡುಮಾತನ್ನು ತಲೆಯ ಮೇಲೆ ಹೊತ್ತ ನಾಟಕವನ್ನು ಹದಿನೈದು ದಿನ ಕಲಿಸಿದ ನಾನು, ಎರಡು ಪಾಠವನ್ನೂ ಕಲಿತಿರಲಿಲ್ಲ. ಆ ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸಿ ಹೋದಳು. ಅವಳ ಮೊದಲ ಪ್ರಬಂಧದಲ್ಲಿ ನನಗೆ ನೆನಪಿರುವುದು ಅವ್ವ ಏಳುವ ಆ ಒಂದು ಮಾತು. ಎರಡನೆಯದರಲ್ಲಿ ಅವಳದೇ ಆದ ಒಂದು ಮಾತೂ ಇರಲಿಲ್ಲ.

ಕೈಲಾಸಂ ಪ್ರಭಾವ ಎಲ್ಲೆಲ್ಲಿ ಹರಿದಿದೆ ಎಂದು ಆಮೇಲೆ ಹೆಚ್ಚು ಎಚ್ಚರದಿಂದ ಓದಿದೆ. ಪರ್ವತವಾಣಿಯವರ ನಗೆನಾಟಕಗಳಲ್ಲಿ ಅದು ಎದ್ದು ಕಾಣುತ್ತದೆ. 1942ರಲ್ಲಿ ಶುರುವಾದ 'ಕೊರವಂಜಿ' ಪತ್ರಿಕೆಯ ನಗೆಯಲ್ಲಿದೆ. ಅಲ್ಲಿ ಬರೆದ ಟಿ. ಸುನಂದಮ್ಮನವರನ್ನು ನಾವು ಹೆಂಗಸರು ವಿಶೇಷವಾಗಿ ನೆನೆಯಬೇಕು. ಕೈಲಾಸಂ ಕಿಟಕಿಯಾಚೆ ನಿಂತು ಕೇಳಿಸಿಕೊಂಡ ಅಡಿಗೆಮನೆಯ ಮಾತನ್ನು ಸುನಂದಮ್ಮ ಒಲೆಯ ಮುಂದೆಯೇ ಕೂತು ಬರೆದರು. ಅವರ ಸರಸು ಯಾರ ನಾಟಕದ ಪಾತ್ರವೂ ಅಲ್ಲ, ತನ್ನ ನಗೆಗೆ ತಾನೇ ಯಜಮಾನಿ. ಅತ್ತ ಧಾರವಾಡದ ಕಡೆ ಶ್ರೀರಂಗರು ತಮ್ಮ ಸೀಮೆಯ ಮಾತನ್ನು ರಂಗಕ್ಕೆ ತಂದರು. ಮುಂದೆ ಕಂಬಾರರ 'ಜೋಕುಮಾರಸ್ವಾಮಿ' ಬಂತು, ದೇವನೂರ ಮಹಾದೇವರ 'ಕುಸುಮಬಾಲೆ' ಬಂತು. ಇವರೆಲ್ಲ ಕೈಲಾಸಂ ಶಿಷ್ಯರೆಂದು ನಾನು ಹೇಳುವುದಿಲ್ಲ. ಅವರವರ ಊರಿನ ಮಾತೇ ಅವರಿಗೆ ಗುರು. ಆದರೆ ಆಡುವ ಹಾಗೆ ಬರೆದರೆ ಅದು ಸಾಹಿತ್ಯವೇ ಎಂದು ಕೇಳುವವರ ಬಾಯಿಯನ್ನು ಹಳೇ ಮೈಸೂರಿನ ಕಡೆ ಮೊದಲು ಮುಚ್ಚಿಸಿದವರು ಕೈಲಾಸಂ.

ಅವರ ಮಿತಿಯನ್ನೂ ಹೇಳಬೇಕು. ಅವರ ಮನೆಗಳು ಬಹುಪಾಲು ಒಂದೇ ಕೇರಿಯವು, ಹಳೇ ಮೈಸೂರಿನ ಮಧ್ಯಮವರ್ಗದ ಬ್ರಾಹ್ಮಣರವು. ಜೊತೆಗೆ ಏಕಲವ್ಯ, ಕರ್ಣ, ಕೀಚಕರ ಮೇಲೆ ಬರೆಯುವಾಗ ಅವರು ಇಂಗ್ಲಿಷಿಗೆ ಹೋದರು. ಗಂಭೀರಕ್ಕೆ ಇಂಗ್ಲಿಷು, ನಗೆಗೆ ಕನ್ನಡ ಎಂಬ ಪಾಲು ಇದೇನು ಎಂದು ನನಗೆ ಬೇಸರವಾಗುತ್ತಿತ್ತು. ಆದರೆ ಋತುಮತಿಯಾದ ಮಗಳಿಗೆ ಮದುವೆಯಾಗಿಲ್ಲವೆಂದು ಒಂದು ಮನೆಯ ಮೇಲೆ ಬೀಳುವ 'ಬಹಿಷ್ಕಾರ'ವನ್ನೂ, ಹೆಸರು ಹೇಳಲೂ ನಾವು ಅಂಜುವ 'ಸೂಳೆ'ಯನ್ನೂ ಅವರು ಬರೆದದ್ದು ಕನ್ನಡದಲ್ಲೇ. 'ತಾಳಿ ಕಟ್ಟೋಕ್ಕೂಲೀನೇ' ಎಂಬ ಒಂದು ಹೆಸರಿನಲ್ಲೇ ವರದಕ್ಷಿಣೆಯ ಅಸಹ್ಯವೆಲ್ಲ ಬಂದುಬಿಟ್ಟಿದೆ. ಆ ಮಾತನ್ನು ಗ್ರಂಥದ ಕನ್ನಡದಲ್ಲಿ ಬರೆದು ನೋಡಿ, ಕೋಪ ಹೊರಟುಹೋಗುತ್ತದೆ. ಶಾಲೆಯಲ್ಲಿ ನಾವು ನಗಿಸುವ ನಾಟಕಗಳನ್ನಷ್ಟೇ ಆರಿಸಿ, ಇವುಗಳನ್ನು ಕಪಾಟಿನಲ್ಲೇ ಬಿಟ್ಟೆವು. ಅದು ನಮ್ಮ ಮಿತಿ.

ಕಳೆದ ಸಲದ ತಾಲೀಮಿನಲ್ಲಿ ನನಗೆ ಇನ್ನೊಂದು ವಿಷಯ ಹೊಳೆಯಿತು. ತಾಯಿಯ ಪಾತ್ರದ ಹುಡುಗಿಗೆ ಕೈಲಾಸಂ ಬರೆದ ಮಾತು ನಾಲಗೆಗೆ ಹತ್ತುತ್ತಿರಲಿಲ್ಲ. ಅದು ಅವಳ ಮನೆಯ ಮಾತಲ್ಲವಲ್ಲ. ನಾನು ಎಂದಿನಂತೆ ತಿದ್ದುತ್ತಾ ಕೂತಿದ್ದೆ. ಶುದ್ಧ ಕನ್ನಡದ ಬದಲು ಶುದ್ಧ ಆಡುಮಾತು, ಅದೇ ಕೆಂಪು ಶಾಯಿ. ಥಟ್ಟನೆ ನಿಲ್ಲಿಸಿ, "ನಿಮ್ಮನೇಲಿ ಹೇಗಂತೀರೋ ಹಾಗೇ ಅನ್ನಮ್ಮ" ಎಂದೆ. ಅವಳು ಒಮ್ಮೆ ನನ್ನ ಮುಖ ನೋಡಿ ತನ್ನ ಅವ್ವನ ದನಿಯಲ್ಲಿ ಆ ಮಾತು ಹೇಳಿದಳು. ಜೊತೆಯ ಮಕ್ಕಳು ನಗುವುದನ್ನು ನಿಲ್ಲಿಸಿ ಕೇಳಿದರು.

ಪರೀಕ್ಷೆಯ ಪೇಪರಿನಲ್ಲಿ ನಾನು ಈಗಲೂ ತಿದ್ದುತ್ತೇನೆ. ಬರೆಯುವ ಕನ್ನಡವೂ ಮಕ್ಕಳಿಗೆ ಬರಬೇಕು, ಅದಿಲ್ಲದೆ ಅರ್ಜಿ ಬರೆಯಲಾಗುವುದಿಲ್ಲ, ಕೆಲಸ ಸಿಗುವುದಿಲ್ಲ. ಆದರೆ ಪ್ರಬಂಧದಲ್ಲಿ ಅವ್ವ, ಅಜ್ಜಿ ಮಾತಾಡಿದರೆ ಅವರ ಮಾತಿಗೆ ಉದ್ಧರಣ ಚಿಹ್ನೆ ಹಾಕಿಸಿ ಹಾಗೇ ಬಿಡುತ್ತೇನೆ. ಅಂಕ ಕಳೆಯುವುದಿಲ್ಲ. 'ಗ್ರಾಮ್ಯ' ಎಂಬ ಪದವನ್ನು ಅಂಚಿನಲ್ಲಿ ಬರೆಯುವುದನ್ನು ಬಿಟ್ಟು ಬಹಳ ವರ್ಷವಾಯಿತು.