ಡಬ್ಲಿನ್ ಕೋರ್ ಅಮೂರ್ತ ಮಾದರಿ ಮತ್ತು ಹಸ್ತಪ್ರತಿಸೂಚಿ: ಒಂದು ವಿಮರ್ಶೆ

ಹಸ್ತಪ್ರತಿಗಳ ಸೂಚಿಯಲ್ಲಿ ಗ್ರಂಥನಾಮ, ಕರ್ತೃ, ಭಾಷೆ, ಲಿಪಿ, ವಿಷಯ, ಗರಿಗಳ ಸಂಖ್ಯೆ, ಕಾಲ, ಸ್ಥಿತಿ ಎಂಬ ಅಂಕಣಗಳು ಒಂದೇ ಸಾಲಿನಲ್ಲಿ ನಿಲ್ಲುವುದು ವಾಡಿಕೆ. ಸಾಲು ಒಂದಾದ ಕಾರಣ ಅದು ಹೇಳುವ ವಸ್ತುವೂ ಒಂದೇ ಎಂಬ ಭಾವನೆ ಸಹಜವಾಗಿ ಉಂಟಾಗುತ್ತದೆ. ವಾಸ್ತವದಲ್ಲಿ ಹಾಗಿಲ್ಲ. ಕರ್ತೃವಿನ ಹೆಸರು ಕೃತಿಗೆ ಸಂಬಂಧಿಸಿದ್ದು. ಗರಿಗಳ ಸಂಖ್ಯೆ ಪ್ರತಿಗೆ ಸಂಬಂಧಿಸಿದ್ದು. ಭಾಷೆ ಪಾಠದ ಧರ್ಮ, ಲಿಪಿ ಪ್ರತಿಯ ಧರ್ಮ. 'ಕಾಲ' ಎಂಬ ಅಂಕಣವಂತೂ ಕೆಲವು ಸೂಚಿಗಳಲ್ಲಿ ರಚನೆಯ ಕಾಲವನ್ನೂ ಕೆಲವು ಸೂಚಿಗಳಲ್ಲಿ ಪ್ರತಿಲೇಖನದ ಕಾಲವನ್ನೂ ಹೇಳುತ್ತದೆ. ಮುದ್ರಿತ ಸೂಚಿಯನ್ನು ಬಳಸುವ ಪಂಡಿತರು ಈ ಸಂದಿಗ್ಧವನ್ನು ತಮ್ಮ ಶಾಸ್ತ್ರಪರಿಚಯದ ಬಲದಿಂದ ಪರಿಹರಿಸಿಕೊಳ್ಳಬಲ್ಲರು. ಆದರೆ ಸೂಚಿಗಳು ಗಣಕಯಂತ್ರವನ್ನು ಸೇರಿ, ಒಂದು ಭಂಡಾರದ ಸಾಲುಗಳು ಮತ್ತೊಂದು ಭಂಡಾರದ ಸಾಲುಗಳೊಡನೆ ಬೆರೆಯುವಾಗ ಅಂಥ ಪರಿಹಾರಕ್ಕೆ ಅವಕಾಶವಿಲ್ಲ. ಯಾವ ಮಾತು ಯಾವ ವಸ್ತುವನ್ನು ಕುರಿತದ್ದು ಎಂಬುದನ್ನು ಸೂಚಿಯೇ ಸ್ಪಷ್ಟವಾಗಿ ಹೇಳಬೇಕಾಗುತ್ತದೆ.

ಈ ಅಗತ್ಯವನ್ನು ತಾತ್ತ್ವಿಕವಾಗಿ ಎದುರಿಸಿದ ಗ್ರಂಥಗಳಲ್ಲಿ ಡಬ್ಲಿನ್ ಕೋರ್ ಸಂಸ್ಥೆಯ 'ಅಮೂರ್ತ ಮಾದರಿ'ಯು ಮುಖ್ಯವಾದುದು. ಒಂದು ವಸ್ತುವನ್ನು ವಿವರಿಸುವ ದತ್ತಾಂಶಕ್ಕೆ ಮೆಟಾಡೇಟಾ ಎಂಬ ಹೆಸರು ರೂಢಿಯಲ್ಲಿದೆ. ಆ ಅರ್ಥದಲ್ಲಿ ಪ್ರತಿಯೊಂದು ಗ್ರಂಥಸೂಚಿಯೂ ಮೆಟಾಡೇಟಾವೇ. 1995ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಒಹಾಯೊ ರಾಜ್ಯದ ಡಬ್ಲಿನ್ ಎಂಬ ಊರಿನಲ್ಲಿ ನಡೆದ ಗೋಷ್ಠಿಯಿಂದ ಹೊರಟ ಅಂಶಗಳ ಪಟ್ಟಿಯು ಮುಂದೆ ಶೀರ್ಷಿಕೆ, ಕರ್ತೃ, ವಿಷಯ, ಪ್ರಕಾಶಕ, ದಿನಾಂಕ, ಭಾಷೆ, ಮೂಲ, ಸಂಬಂಧ ಮೊದಲಾದ 15 ಅಂಶಗಳಾಗಿ ಸ್ಥಿರಗೊಂಡು, 2003ರಲ್ಲಿ ಐಎಸ್‌ಒ 15836 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಪಟ್ಟಿಯು ಸರಳವಾಗಿದ್ದುದರಿಂದ ಬಹುಬೇಗ ಪ್ರಚಾರಕ್ಕೆ ಬಂತು. ಆದರೆ ಪಟ್ಟಿಯಲ್ಲಿ ಹೆಸರುಗಳಿದ್ದವೇ ಹೊರತು, ಆ ಹೆಸರುಗಳಿಂದ ಕಟ್ಟಿದ ವಾಕ್ಯದ ಸ್ವರೂಪವೇನು ಎಂಬುದರ ನಿರ್ಣಯವಿರಲಿಲ್ಲ. ಆ ನಿರ್ಣಯವನ್ನು ಒದಗಿಸಲೆಂದು ಆಂಡಿ ಪೊವೆಲ್, ಮಿಕಾಯೆಲ್ ನಿಲ್ಸನ್ ಮೊದಲಾದವರು ರಚಿಸಿದ ಅಮೂರ್ತ ಮಾದರಿಯು 2005ರಲ್ಲಿ ಪ್ರಕಟವಾಗಿ, 2007ರಲ್ಲಿ ಪರಿಷ್ಕೃತವಾಯಿತು.

ಮಾದರಿಯ ಸಾರವನ್ನು ಹೀಗೆ ಸಂಗ್ರಹಿಸಬಹುದು. ವಿವರಣೆಗೆ ವಿಷಯವಾದ ವಸ್ತು ಒಂದು. ಅದರ ಕುರಿತು ಹೇಳುವ ಒಂದೊಂದು ಮಾತೂ ಒಂದು 'ಉಕ್ತಿ'. ಉಕ್ತಿಯಲ್ಲಿ ಎರಡು ಅಂಗಗಳು: ಗುಣಧರ್ಮ ಮತ್ತು ಅದರ ಮೌಲ್ಯದ ಸೂಚಕ. 'ಕರ್ತೃ' ಎಂಬುದು ಗುಣಧರ್ಮ. ಕರ್ತೃವಾದ ವ್ಯಕ್ತಿ ಅದರ ಮೌಲ್ಯ. ಆ ವ್ಯಕ್ತಿಯ ಹೆಸರಿನ ಅಕ್ಷರಗಳು ಮೌಲ್ಯವನ್ನು ಸೂಚಿಸುವ ಶಬ್ದಮಾತ್ರ. ಒಂದೇ ವಸ್ತುವನ್ನು ಕುರಿತ ಉಕ್ತಿಗಳೆಲ್ಲ ಸೇರಿ ಒಂದು 'ವಿವರಣೆ'ಯಾಗುತ್ತದೆ. ಪರಸ್ಪರ ಸಂಬಂಧವುಳ್ಳ ಹಲವು ವಸ್ತುಗಳ ವಿವರಣೆಗಳು ಸೇರಿ 'ವಿವರಣಾಸಮೂಹ'ವಾಗುತ್ತದೆ. ಸೂಚಿಯ ದಾಖಲೆ ಎಂಬುದು ಇಂಥ ಸಮೂಹದ ಲಿಖಿತ ರೂಪ. ಒಂದು ವಿವರಣೆಗೆ ಒಂದೇ ವಸ್ತು ಎಂಬ ನಿಯಮವು ಈ ಕಟ್ಟಡದ ಅಡಿಗಲ್ಲು.

ಮೌಲ್ಯವನ್ನೂ ಅದರ ಸೂಚಕ ಶಬ್ದವನ್ನೂ ಬೇರ್ಪಡಿಸಿರುವುದು ಮಾದರಿಯ ಮೊದಲ ಗುಣ. ಇದರ ಪ್ರಯೋಜನವನ್ನು ಜೈನ ಗ್ರಂಥಗಳ ಸೂಚಿಕಾರರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ. ಶಕ 705ರಲ್ಲಿ (ಕ್ರಿ.ಶ. 783) ಹರಿವಂಶಪುರಾಣವನ್ನು ರಚಿಸಿದ ಪುನ್ನಾಟ ಸಂಘದ ಜಿನಸೇನರು ಬೇರೆ, ವೀರಸೇನರ ಶಿಷ್ಯರಾಗಿ ಆದಿಪುರಾಣವನ್ನು ರಚಿಸಿದ ಜಿನಸೇನರು ಬೇರೆ. ಶಬ್ದ ಒಂದೇ, ಮೌಲ್ಯಗಳು ಎರಡು. ಇದಕ್ಕೆ ವಿಪರೀತವಾಗಿ, ಷಟ್ಖಂಡಾಗಮದ ಆರನೆಯ ಖಂಡವಾದ ಮಹಾಬಂಧವು ಮೂಡುಬಿದಿರೆಯಲ್ಲಿ ಮಹಾಧವಲ ಎಂದು ಪ್ರಸಿದ್ಧವಾಗಿದೆ. ಅಲ್ಲಿ ಶಬ್ದಗಳು ಎರಡು, ವಸ್ತು ಒಂದು. ಅಕ್ಷರಗಳ ಸಾಮ್ಯವನ್ನೇ ನೆಚ್ಚಿದ ಗಣಕಯಂತ್ರವು ಮೊದಲನೆಯ ಉದಾಹರಣೆಯಲ್ಲಿ ಇಬ್ಬರು ಆಚಾರ್ಯರನ್ನು ಒಬ್ಬರನ್ನಾಗಿಸುತ್ತದೆ, ಎರಡನೆಯದರಲ್ಲಿ ಒಂದು ಗ್ರಂಥವನ್ನು ಎರಡಾಗಿಸುತ್ತದೆ. ಮೌಲ್ಯಕ್ಕೆ ಪ್ರತ್ಯೇಕವಾದ ಗುರುತನ್ನು ಕೊಟ್ಟು, ಹೆಸರುಗಳನ್ನು ಅದಕ್ಕೆ ಅಧೀನವಾಗಿರಿಸಿದರೆ ಎರಡು ದೋಷಗಳಿಗೂ ಅವಕಾಶವಿರುವುದಿಲ್ಲ.

ಎರಡನೆಯ ಗುಣವೇ ಒಂದು ವಿವರಣೆಗೆ ಒಂದೇ ವಸ್ತು ಎಂಬ ನಿಯಮ. ಧವಲೆಯ ಉದಾಹರಣೆಯಿಂದ ಇದರ ಬೆಲೆ ಸ್ಪಷ್ಟವಾಗುತ್ತದೆ. ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರ ಸೂತ್ರಗಳು ಒಂದು ಕೃತಿ. ಅದರ ಮೊದಲ ಐದು ಖಂಡಗಳಿಗೆ ವೀರಸೇನರು ಬರೆದ ಧವಲಾ ಟೀಕೆ ಇನ್ನೊಂದು ಕೃತಿ. ಹನ್ನೆರಡನೆಯ ಶತಮಾನದ ಪೂರ್ವಾರ್ಧಕ್ಕೆ ಸೇರಿದವೆಂದು ವಿದ್ವಾಂಸರು ಭಾವಿಸುವ, ಹಳಗನ್ನಡ ಲಿಪಿಯ, ಚಿತ್ರಿತ ಗರಿಗಳನ್ನೂ ಒಳಗೊಂಡ ಮೂಡುಬಿದಿರೆಯ ತಾಡಪತ್ರಗಳು ಆ ಕೃತಿಯ ಪ್ರತಿಗಳು. ಅವುಗಳಿಂದ ಕಾಗದದ ಮೇಲೆ ಇಳಿಸಿದ ನಾಗರೀ ಪ್ರತಿಗಳು ಮತ್ತೊಂದು ತಲೆಮಾರಿನವು. 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅಮರಾವತಿಯಿಂದ ಹೊರಟ ಮುದ್ರಣದ ಮೊದಲ ಸಂಪುಟವು ಈ ಕಾಗದದ ಪ್ರತಿಗಳನ್ನು ಆಧರಿಸಿತ್ತು. ಇತ್ತೀಚೆಗೆ ತೆಗೆದ ಛಾಯಾಪ್ರತಿಗಳು ಇನ್ನೂ ಬೇರೆಯ ವಸ್ತುಗಳು. ಇವೆಲ್ಲವನ್ನೂ 'ಧವಲಾ' ಎಂಬ ಒಂದೇ ಸಾಲಿನಲ್ಲಿ ಅಡಕಗೊಳಿಸಿದರೆ, ಕಾಗದದ ಪ್ರತಿಯ ಸ್ಖಾಲಿತ್ಯವು ತಾಡಪತ್ರದ ಪಾಠವೆಂದು ಗ್ರಹಿಸಲ್ಪಡುವ ಅಪಾಯವಿದೆ. ಪಾಠಶೋಧನೆಯಲ್ಲಿ ಇದಕ್ಕಿಂತ ದೊಡ್ಡ ಪ್ರಮಾದವಿಲ್ಲ.

ಡಬ್ಲಿನ್ ಕೋರ್ ಪರಂಪರೆಯ ಇನ್ನೊಂದು ನಿಯಮವನ್ನು ಇಲ್ಲಿ ಪರಿಶೀಲಿಸಬೇಕು. ವಿಶೇಷಣವನ್ನು ತೆಗೆದುಹಾಕಿದರೂ ಉಳಿದ ಉಕ್ತಿ ಸತ್ಯವಾಗಿಯೇ ಇರಬೇಕು ಎಂಬುದು ಆ ನಿಯಮ. 'ಪ್ರತಿಲೇಖನದ ದಿನಾಂಕ' ಎಂಬ ಸೂಕ್ಷ್ಮ ಅಂಶವನ್ನು ತಿಳಿಯದ ವ್ಯವಸ್ಥೆಯು ಅದನ್ನು ಬರಿಯ 'ದಿನಾಂಕ'ವೆಂದು ಓದುತ್ತದೆ. ವಿವರಣೆಯು ಪ್ರತಿಯನ್ನು ಮಾತ್ರ ಕುರಿತಿದ್ದರೆ ಈ ಸಂಕ್ಷೇಪದಿಂದ ಹಾನಿಯಿಲ್ಲ. ಕೃತಿ ಮತ್ತು ಪ್ರತಿ ಬೆರೆತಿದ್ದರೆ ಮಾತ್ರ ಒಂಬತ್ತನೆಯ ಶತಮಾನದ ಟೀಕೆಯು ಹನ್ನೆರಡನೆಯ ಶತಮಾನದ ರಚನೆಯಾಗಿಬಿಡುತ್ತದೆ.

ಆದರೆ ವಸ್ತುಗಳನ್ನು ಬೇರ್ಪಡಿಸಿರಿ ಎಂದು ಹೇಳುವ ಈ ಮಾದರಿಯು, ಎಷ್ಟು ಬಗೆಯ ವಸ್ತುಗಳಿವೆ ಎಂಬುದನ್ನು ಹೇಳುವುದಿಲ್ಲ. ಆ ಕೆಲಸಕ್ಕೆ ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವು 1998ರಲ್ಲಿ ಪ್ರಕಟಿಸಿದ ಎಫ್‌ಆರ್‌ಬಿಆರ್ ಎಂಬ ಮಾದರಿಯನ್ನು ನೋಡಬೇಕು. ಅದರಲ್ಲಿ ಕೃತಿ, ಅಭಿವ್ಯಕ್ತಿ, ಪ್ರಕಟರೂಪ, ಬಿಡಿಪ್ರತಿ ಎಂಬ ನಾಲ್ಕು ಸ್ತರಗಳಿವೆ. 2017ರ ಪರಿಷ್ಕೃತ ಮಾದರಿಯಲ್ಲಿಯೂ ಈ ನಾಲ್ಕು ಉಳಿದಿವೆ. ಸಾವಿರ ಪ್ರತಿಗಳು ಏಕರೂಪವಾಗಿ ಹೊರಡುವ ಮುದ್ರಣದ ಲೋಕಕ್ಕೆ ಈ ವಿಭಾಗವು ಒಪ್ಪುತ್ತದೆ. ಹಸ್ತಪ್ರತಿಗಳ ಲೋಕದಲ್ಲಿ ಒಂದೊಂದು ಪ್ರತಿಯೂ ತನಗೆ ತಾನೇ ಒಂದು ಪ್ರಕಟರೂಪವಾದುದರಿಂದ ಕೊನೆಯ ಎರಡು ಸ್ತರಗಳು ಒಂದರಲ್ಲೊಂದು ಲೀನವಾಗುತ್ತವೆ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವೇ ಇದೆ. ಆ ಸಾವಿರವನ್ನು ಮುದ್ರಣದ ಸಾವಿರದಂತೆ ಒಂದೇ ಪ್ರಕಟರೂಪವೆಂದು ಎಣಿಸುವಂತಿಲ್ಲ. ಬರೆದ ಕೈಗಳು ಹಲವಾದ ಮೇಲೆ ಪಾಠವೂ ಹಲವಾಗುವುದು ಅನಿವಾರ್ಯ.

ಜೈನ ಶಾಸ್ತ್ರವನ್ನು ಬಲ್ಲವರಿಗೆ ಈ ಸಂದರ್ಭದಲ್ಲಿ ನಿಕ್ಷೇಪದ ಸ್ಮರಣೆಯಾಗದೆ ಇರದು. ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯದಲ್ಲಿ ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನ್ಯಾಸಗಳು ಉಕ್ತವಾಗಿವೆ. ವೀರಸೇನರು ಧವಲೆಯ ಆರಂಭದಲ್ಲಿ 'ಮಂಗಲ' ಶಬ್ದವನ್ನು ನಿಕ್ಷೇಪಗಳಿಂದಲೇ ವಿಚಾರಿಸುತ್ತಾರೆ. ಅನುಯೋಗದ್ವಾರಸೂತ್ರದಲ್ಲಿ 'ಶ್ರುತ' ಶಬ್ದದ ನಿಕ್ಷೇಪವನ್ನು ಹೇಳುವಾಗ, ಪತ್ರದ ಮೇಲೆ ಮತ್ತು ಪುಸ್ತಕದಲ್ಲಿ ಬರೆದದ್ದನ್ನು ದ್ರವ್ಯಶ್ರುತದಲ್ಲಿ ಗಣಿಸಿ ಭಾವಶ್ರುತದಿಂದ ಪ್ರತ್ಯೇಕಿಸಲಾಗಿದೆ. ಅಪ್ರಕೃತವಾದ ಅರ್ಥವನ್ನು ನಿವಾರಿಸಿ ಪ್ರಕೃತವಾದುದನ್ನು ನಿರೂಪಿಸುವುದು ನಿಕ್ಷೇಪದ ಪ್ರಯೋಜನ. ಸೂಚಿಕಾರನಿಗೆ ಬೇಕಾದ ವಿವೇಕವೂ ಅದೇ. ಆದರೂ ಪ್ರಾಚೀನರು ಡಬ್ಲಿನ್ ಕೋರನ್ನು ಮೊದಲೇ ಕಂಡಿದ್ದರೆಂದು ಹೇಳುವುದು ಅತ್ಯುಕ್ತಿಯಾಗುತ್ತದೆ. ನಿಕ್ಷೇಪವು ಶಬ್ದದ ಅರ್ಥಗಳನ್ನು ವಿಭಾಗಿಸುವ ಕ್ರಮ. ಅಮೂರ್ತ ಮಾದರಿಯು ಉಕ್ತಿಗಳನ್ನು ವಸ್ತುಗಳಿಗೆ ಹಂಚುವ ಕ್ರಮ. ಸಾಮ್ಯವಿರುವುದು ಪ್ರಶ್ನೆಯಲ್ಲಿ, ಉತ್ತರದಲ್ಲಿ ಅಲ್ಲ. ಹಾಗಿದ್ದರೂ ನಿಕ್ಷೇಪದಲ್ಲಿ ಪಳಗಿದ ಪಂಡಿತರಿಗೆ ಈ ಮಾದರಿಯು ಅಪರಿಚಿತವೆನಿಸಬೇಕಾಗಿಲ್ಲ ಎಂಬಷ್ಟನ್ನು ನಿಸ್ಸಂಶಯವಾಗಿ ಹೇಳಬಹುದು.

ಇನ್ನು ದೋಷಗಳ ವಿಚಾರ. ಇವುಗಳಲ್ಲಿ ಕೆಲವು ಪಟ್ಟಿಯ ದೋಷಗಳು, ಒಂದು ಮಾತ್ರ ಮಾದರಿಯದೇ ದೋಷ. ಹದಿನೈದು ಅಂಶಗಳಲ್ಲಿ ಭಾಷೆಗೆ ಸ್ಥಾನವಿದೆ, ಲಿಪಿಗೆ ಇಲ್ಲ. ಪ್ರಾಕೃತ ಸೂತ್ರ, ಸಂಸ್ಕೃತಮಿಶ್ರಿತ ಪ್ರಾಕೃತ ಟೀಕೆ, ಕನ್ನಡ ಲಿಪಿ ಎಂಬ ಧವಲೆಯ ಸ್ಥಿತಿಯನ್ನು ಆ ಪಟ್ಟಿಯಿಂದ ಪೂರ್ಣವಾಗಿ ಹೇಳಲಾಗದು. ಹಾಗೆಯೇ ಕರ್ತೃ, ಪ್ರಕಾಶಕ, ಸಹಾಯಕ ಎಂಬ ಮೂರು ಅಂಶಗಳಲ್ಲಿ ಶಾಸ್ತ್ರದಾನ ಮಾಡಿದವರಿಗೆ ತಕ್ಕ ಸ್ಥಾನವಿಲ್ಲ. ಮಹಾಬಂಧದ ಪ್ರತಿಯನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದ ಮಲ್ಲಿಕಬ್ಬೆಯನ್ನು 'ಸಹಾಯಕ' ಎಂಬ ಸಾಮಾನ್ಯ ಶಬ್ದದಡಿಯಲ್ಲಿ ಸೇರಿಸಿದರೆ, ಲಿಪಿಕಾರನೂ ದಾನಿಯೂ ಒಂದೇ ಪಂಕ್ತಿಗೆ ಬರುತ್ತಾರೆ. ಕರ್ಣಾಟಕದ ಜೈನ ಪ್ರತಿಗಳಲ್ಲಿ ದಾನಪ್ರಶಸ್ತಿಯು ಪ್ರತಿಯ ಇತಿಹಾಸದ ಮುಖ್ಯ ಸಾಕ್ಷ್ಯವಾದುದರಿಂದ ಈ ಲೋಪವು ಅಲ್ಪವಲ್ಲ. ಆದರೆ ಇವು ಪರಿಹಾರ್ಯ. 2007ರಲ್ಲಿ ಸಿಂಗಪುರದಲ್ಲಿ ರೂಪುಗೊಂಡ ಚೌಕಟ್ಟಿನ ಪ್ರಕಾರ, ಒಂದೊಂದು ಕ್ಷೇತ್ರದವರು ತಮಗೆ ಬೇಕಾದ ಗುಣಧರ್ಮಗಳನ್ನು ಸೇರಿಸಿಕೊಂಡು ತಮ್ಮದೇ ವಿನಿಯೋಗಕ್ರಮವನ್ನು ರಚಿಸಿಕೊಳ್ಳಬಹುದು. ಲಿಪಿ, ಲಿಪಿಕಾರ, ಬರೆಯಿಸಿದವರು, ಪಡೆದವರು ಎಂಬ ನಾಲ್ಕನ್ನು ಹೀಗೆ ಸೇರಿಸಿಕೊಳ್ಳುವುದಕ್ಕೆ ಮಾದರಿಯ ಅಡ್ಡಿಯಿಲ್ಲ.

ಒಂದೇ ಕಟ್ಟಿನಲ್ಲಿ ಹಲವು ಗ್ರಂಥಗಳಿರುವ ಸಂದರ್ಭವೂ ಹೀಗೆಯೇ. ಕಟ್ಟಿಗೆ ಒಂದು ವಿವರಣೆ, ಅದರೊಳಗಿನ ಒಂದೊಂದು ಪ್ರತಿಗೆ ಒಂದೊಂದು ವಿವರಣೆ, ಅವುಗಳ ನಡುವೆ ಅಂಗಾಂಗಿ ಸಂಬಂಧ, ಎಲ್ಲವೂ ಸೇರಿ ಒಂದು ವಿವರಣಾಸಮೂಹ: ಇಷ್ಟನ್ನು ಮಾದರಿಯು ನಿರಾಯಾಸವಾಗಿ ಧರಿಸುತ್ತದೆ. ಕಟ್ಟಿನ ಮೊದಲ ಗ್ರಂಥದ ಹೆಸರನ್ನೇ ಇಡೀ ಕಟ್ಟಿಗೆ ಕೊಟ್ಟು ಉಳಿದವನ್ನು ಮರೆಯಾಗಿಸುವ ಸೂಚಿಕ್ರಮಕ್ಕಿಂತ ಇದು ಬಹುಮಟ್ಟಿಗೆ ಶ್ರೇಷ್ಠ.

ಮಾದರಿಯ ಮೂಲದಲ್ಲಿಯೇ ಇರುವ ದೋಷವೆಂದರೆ, ಉಕ್ತಿಗೆ ವಕ್ತೃವಿಲ್ಲದಿರುವುದು. ಧವಲೆಯ ಸಮಾಪ್ತಿಯ ಕಾಲವನ್ನೇ ನೋಡಬಹುದು. ಅಂತ್ಯಪ್ರಶಸ್ತಿಯ ಗಾಥೆಯ ಪಾಠ ಶುದ್ಧವಾಗಿಲ್ಲ. ಹೀರಾಲಾಲ ಜೈನರು ಅದನ್ನು ಶಕ 738 (ಕ್ರಿ.ಶ. 816) ಎಂದು ನಿರ್ಣಯಿಸಿದರು, ಜ್ಯೋತಿಪ್ರಸಾದ ಜೈನರು ವಿಕ್ರಮ 838 (ಕ್ರಿ.ಶ. 780) ಎಂದು ಪ್ರತಿಪಾದಿಸಿದರು. 'ಧವಲಾ, ದಿನಾಂಕ, 816' ಎಂಬ ಉಕ್ತಿಯಲ್ಲಿ ಇದು ಒಬ್ಬ ವಿದ್ವಾಂಸರ ನಿರ್ಣಯವೆಂಬ ಸುಳಿವೇ ಇಲ್ಲ. ಗ್ರಂಥದ ಸ್ವಯಂಸಿದ್ಧ ಧರ್ಮವೆಂಬಂತೆ ಅದು ತೋರುತ್ತದೆ. ಎರಡು ದಿನಾಂಕಗಳನ್ನೂ ಕೊಟ್ಟರೆ, ಗ್ರಂಥವು ಎರಡು ಕಾಲಗಳಲ್ಲಿ ಪೂರ್ಣಗೊಂಡಿತೆಂಬ ವಿಚಿತ್ರಾರ್ಥ ಬರುತ್ತದೆ. ಯಾರ ನಿರ್ಣಯ, ಯಾವ ಪಾಠದ ಆಧಾರ, ಎಷ್ಟು ನಿಶ್ಚಯ ಎಂಬ ಮೂರನ್ನೂ ಉಕ್ತಿಯ ಅಂಗಗಳಾಗಿ ಮಾದರಿಯು ಎಣಿಸಿಲ್ಲ. ನಯವನ್ನು ಹೇಳದೆ ನಿರ್ಣಯವನ್ನು ಹೇಳುವ ಈ ರೀತಿಯು ಅನೇಕಾಂತದ ಪರಂಪರೆಯಲ್ಲಿ ಬೆಳೆದ ವಿದ್ವತ್ತಿಗೆ ಸಮ್ಮತವಾಗಲಾರದು.

ಈ ಕೊರತೆಯನ್ನು ಇತರ ಮಾದರಿಗಳು ಗುರುತಿಸಿವೆ. ವಸ್ತುಸಂಗ್ರಹಾಲಯಗಳ ಕ್ಷೇತ್ರದಲ್ಲಿ ಬೆಳೆದು 2006ರಲ್ಲಿ ಐಎಸ್‌ಒ 21127 ಎಂಬ ಮಾನಕವಾದ ಸಿಡಾಕ್ ಸಿಆರ್‌ಎಂ ಮಾದರಿಯಲ್ಲಿ, ಒಂದು ವಸ್ತುವಿಗೆ ಒಂದು ಧರ್ಮವನ್ನು ಆರೋಪಿಸುವ ಕ್ರಿಯೆಯೇ ಒಂದು ಘಟನೆ. ಅದಕ್ಕೆ ಕರ್ತೃವೂ ಕಾಲವೂ ಉಂಟು. ಡಬ್ಲಿನ್ ಕೋರ್ ಮಾದರಿಗೆ ಆಧಾರವಾಗಿ ನಿಂತ ಆರ್‌ಡಿಎಫ್ ಎಂಬ ಭಾಷೆಯು 2014ರ ಆವೃತ್ತಿಯಲ್ಲಿ ಉಕ್ತಿಗಳ ಗುಂಪಿಗೆ ಹೆಸರಿಡುವ ಕ್ರಮವನ್ನು ಸೇರಿಸಿಕೊಂಡಿತು. ಹೆಸರಿಟ್ಟ ಗುಂಪಿನ ವಕ್ತೃ ಯಾರೆಂದು ಬೇರೆ ಉಕ್ತಿಯಿಂದ ಹೇಳಬಹುದು. ಆದುದರಿಂದ ಪರಿಹಾರ ಅಸಾಧ್ಯವಲ್ಲ; ಅಮೂರ್ತ ಮಾದರಿಯೊಂದನ್ನೇ ನೆಚ್ಚಿದವರಿಗೆ ಮಾತ್ರ ಅದು ದೊರೆಯುವುದಿಲ್ಲ.

ಕನ್ನಡ ನಾಡಿನ ಸೂಚಿಗಳ ದೃಷ್ಟಿಯಿಂದ ಈ ವಿಚಾರ ಕೇವಲ ತಾತ್ತ್ವಿಕವಲ್ಲ. 1944ರಲ್ಲಿ ಪುಣೆಯಿಂದ ಪ್ರಕಟವಾದ ವೇಲಣಕರರ ಜಿನರತ್ನಕೋಶವು ಕೃತಿಗಳ ಕೋಶ. 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಬಂದ ಕೆ. ಭುಜಬಲಿ ಶಾಸ್ತ್ರಿಗಳ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯು ಪ್ರತಿಗಳ ಸೂಚಿ. ಎರಡೂ ತಮ್ಮ ತಮ್ಮ ಸ್ತರದಲ್ಲಿ ಪ್ರಮಾಣಗ್ರಂಥಗಳು. ಇವನ್ನು ಗಣಕಯಂತ್ರದಲ್ಲಿ ಒಂದೇ ಪಟ್ಟಿಯಾಗಿ ಕೂಡಿಸುವವರು ಸ್ತರಭೇದವನ್ನು ಮರೆತರೆ ಎರಡರ ಪ್ರಾಮಾಣ್ಯವೂ ಕೆಡುತ್ತದೆ. 2003ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಪಾಂಡುಲಿಪಿ ಅಭಿಯಾನವೂ 2025ರಲ್ಲಿ ಘೋಷಿತವಾದ ಜ್ಞಾನಭಾರತಂ ಯೋಜನೆಯೂ ಇಡೀ ದೇಶದ ಭಂಡಾರಗಳ ದಾಖಲೆಗಳನ್ನು ಒಟ್ಟುಗೂಡಿಸುವ ಉದ್ದೇಶದವು. ಅಂಥ ಮಹಾಸಂಗ್ರಹದಲ್ಲಿ ಒಮ್ಮೆ ಸೇರಿದ ತಪ್ಪು ಪ್ರಮಾಣವೆಂದು ಉದ್ಧೃತವಾಗುತ್ತ ಹೋಗುತ್ತದೆ. ಅದನ್ನು ತಿದ್ದಬಲ್ಲವರು ಮೂಲಪ್ರತಿಯನ್ನು ಬಿಚ್ಚಿ ಓದಬಲ್ಲ ಕೆಲವರು ಮಾತ್ರ. ಹಳಗನ್ನಡ ಲಿಪಿಯ ಪ್ರಾಕೃತ ಪ್ರತಿಗಳನ್ನು ಓದಬಲ್ಲವರ ಸಂಖ್ಯೆ ದೊಡ್ಡದಲ್ಲ ಎಂಬುದು ಎಲ್ಲರಿಗೂ ವಿದಿತವಾದ ಸಂಗತಿ.

ಒಟ್ಟಿನಲ್ಲಿ, ಡಬ್ಲಿನ್ ಕೋರ್ ಅಮೂರ್ತ ಮಾದರಿಯು ವಸ್ತುವಿವೇಕವನ್ನು ಕಲಿಸುವ ಮಟ್ಟಿಗೆ ಗ್ರಾಹ್ಯ, ವಕ್ತೃವಿವೇಕವನ್ನು ಬಿಟ್ಟಿರುವ ಮಟ್ಟಿಗೆ ಅಪೂರ್ಣ. ಜೈನ ಹಸ್ತಪ್ರತಿಗಳ ಸೂಚಿಯನ್ನು ಹೊಸದಾಗಿ ರಚಿಸುವವರು ಕೃತಿ, ಪಾಠ, ಪ್ರತಿ, ಕಟ್ಟು ಎಂಬ ನಾಲ್ಕಕ್ಕೂ ಪ್ರತ್ಯೇಕ ವಿವರಣೆಗಳನ್ನು ಕೊಡುವುದು, ಪ್ರಶಸ್ತಿಯಿಂದ ದೊರೆತ ಸಂಗತಿಯನ್ನೂ ಆಧುನಿಕರ ಊಹೆಯನ್ನೂ ಬೇರೆ ಬೇರೆಯಾಗಿ ಗುರುತಿಸುವುದು, ಪ್ರತಿಯೊಂದು ಕಾಲನಿರ್ಣಯದ ಜೊತೆಯಲ್ಲಿ ನಿರ್ಣಯಿಸಿದವರ ಹೆಸರನ್ನು ದಾಖಲಿಸುವುದು ಅವಶ್ಯ. ಈ ಮೂರು ಕಾರ್ಯಗಳಿಗೂ ಮೊದಲು ಬೇಕಾದದ್ದು ಗರಿಯನ್ನು ಓದಿ ಪ್ರಶಸ್ತಿಯನ್ನು ಬಿಡಿಸಬಲ್ಲ ಪಂಡಿತರು. ಮಾದರಿಯ ಉಪಯೋಗವಿರುವುದು ಅವರು ಕಂಡದ್ದನ್ನು ಕೆಡದಂತೆ ಮುಂದಿನವರಿಗೆ ತಲುಪಿಸುವುದರಲ್ಲಿ.